ಲಿಸ್ಟ್‌ನಲ್ಲಿ ಹೆಸರಿಲ್ಲದ ಹುಡುಗನಿಗೆ ಏನು ಹೇಳ್ತೀರಿ?

(ಕಾಶಿಯ ಗೋದೌಲಿಯಾದಲ್ಲಿ, ಕನ್ನಡಿಗ ಯಾತ್ರಿಕರು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ)

ನಾನು ಬೆಂಗಳೂರಿನಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸೋನು. ಅಮ್ಮನ ಜೊತೆ ಕಾಶಿಗೆ ಬಂದು ಇಲ್ಲೇ ಜಂಗಮವಾಡಿ ಮಠದ ಹತ್ತಿರ ಉಳಿದಿದ್ದೀನಿ. ಇವತ್ತು ಬೆಳಿಗ್ಗೆ ಸ್ನಾನ ಮುಗಿಸಿ ದಶಾಶ್ವಮೇಧ ಘಾಟ್‌ನಿಂದ ಗೋದೌಲಿಯಾ ಚೌಕದ ಕಡೆ ಬರ್ತಿದ್ದೆವು. ಒಂದು ಗಲ್ಲಿಯಲ್ಲಿ ಹುಡುಗರು ಬಾಲ್ ಇಟ್ಕೊಂಡು ತಂಡ ಮಾಡ್ತಿದ್ರು. ಇಬ್ಬರು ಕ್ಯಾಪ್ಟನ್‌ಗಳು, ಸರದಿ ಪ್ರಕಾರ ಒಬ್ಬೊಬ್ಬರನ್ನ ಕರೀತಿದ್ದಾರೆ. ಕೊನೆಗೆ ಒಬ್ಬ ಚಿಕ್ಕವನು ಉಳಿದ. 'ಇವನನ್ನ ನೀನೇ ಇಟ್ಕೋ' ಅಂತ ಇಬ್ಬರೂ ಜಗಳ.

ಚಿಕ್ಕವರಿದ್ದಾಗ ನಾವೆಲ್ಲ ಹೀಗೇ ಆಡಿದ್ದೀವಿ. ಇದನ್ನೇ ದೊಡ್ಡವರು ಕೋಟು ಹಾಕ್ಕೊಂಡು ಕ್ಯಾಮೆರಾ ಮುಂದೆ ಮಾಡಿದ್ರೆ ಅದು ಡ್ರಾಫ್ಟ್.

ಐಪಿಎಲ್ ಹರಾಜು ನೋಡಿರ್ತೀರಿ. ಅಲ್ಲಿ ಜಾಸ್ತಿ ದುಡ್ಡು ಕೂಗಿದವರಿಗೆ ಆಟಗಾರ. ಡ್ರಾಫ್ಟ್‌ನಲ್ಲಿ ಕೂಗೋದಿಲ್ಲ, ಸರದಿ ಬಂದಾಗ ಆರಿಸೋದು. 2017ರ ಜುಲೈ 23ರಂದು ಮುಂಬೈನಲ್ಲಿ ನಮ್ಮ ಇಂಡಿಯನ್ ಸೂಪರ್ ಲೀಗ್ ಕೂಡ ಇದನ್ನ ಮಾಡಿತ್ತು. ಬೆಂಗಳೂರು ಎಫ್‌ಸಿ ಲೀಗಿಗೆ ಸೇರಿದ ವರ್ಷ ಅದು. ಅವತ್ತು ಮೊದಲು ಆಯ್ಕೆಯಾದವರು ಕೇರಳದ ಡಿಫೆಂಡರ್ ಅನಸ್ ಎಡತೊಡಿಕ. ಆರಿಸಿದ್ದು ಜಮ್ಶೆಡ್‌ಪುರ, ಬೆಲೆ 1.10 ಕೋಟಿ ರೂಪಾಯಿ.

ಅಮೆರಿಕದ ಮೇಜರ್ ಲೀಗ್ ಸಾಕರ್ 2000ದಿಂದ ಪ್ರತಿ ವರ್ಷ 'ಸೂಪರ್‌ಡ್ರಾಫ್ಟ್' ನಡೆಸ್ತಿದೆ. ಹೆಚ್ಚಾಗಿ ಕಾಲೇಜು ಹುಡುಗರೇ ಇರ್ತಾರೆ. ಹಿಂದಿನ ವರ್ಷ ಕೆಳಗೆ ಉಳಿದ ತಂಡಕ್ಕೆ ಮುಂಚಿನ ಸರದಿ. ತಂಡಗಳ ಮಟ್ಟಿಗೆ ಇದು ನ್ಯಾಯ. ಆದ್ರೆ ಹುಡುಗನಿಗೆ? ಯಾವ ಊರು, ಯಾವ ಕೋಚ್ ಅಂತ ಅವನು ಹೇಳೋ ಹಾಗಿಲ್ಲ. ಅದಕ್ಕೇ ಅಲ್ಲಿನ ಮಹಿಳೆಯರ ಲೀಗ್ 2024ರಲ್ಲಿ ಆಟಗಾರ್ತಿಯರ ಸಂಘದ ಜೊತೆ ಒಪ್ಪಂದ ಮಾಡ್ಕೊಂಡು ಡ್ರಾಫ್ಟನ್ನೇ ನಿಲ್ಲಿಸ್ತು.

ಇನ್ನೊಂದು ವಿಷಯ. 2004ರ ಸೂಪರ್‌ಡ್ರಾಫ್ಟ್‌ನಲ್ಲಿ ಮೊದಲ ಹೆಸರು ಫ್ರೆಡ್ಡಿ ಅಡು. ಆಗ ವಯಸ್ಸು ಬರೀ 14! ಎಂಟನೇ ಹೆಸರು ಕ್ಲಿಂಟ್ ಡೆಂಪ್ಸಿ. ಅಡು ಅಮೆರಿಕ ತಂಡಕ್ಕೆ ಹೊಡೆದದ್ದು 2 ಗೋಲು. ಡೆಂಪ್ಸಿ 57. ಆರಿಸೋರು ಬಲ್ಲವರೇ, ಆದ್ರೂ ತಪ್ಪಾಗುತ್ತೆ.

ಈ ಕಥೆ ನಾನು ಮಕ್ಕಳಿಗೆ ಬಹಳ ಸಲ ಹೇಳಿದ್ದೀನಿ. ನಿನ್ನೆ ಸಂಜೆ ಅದು ಉಪಯೋಗಕ್ಕೆ ಬರ್ಲಿಲ್ಲ.

ಗಂಗಾ ಆರತಿ ನಡೀತಿತ್ತು. ನಮ್ಮ ಹುಡುಗನೊಬ್ಬ ಫೋನ್ ಮಾಡಿದ. 15 ವರ್ಷ. ಒಂದು ಕ್ಲಬ್‌ನ ಯುವ ತಂಡದ ಆಯ್ಕೆಗೆ ಹೋಗಿದ್ದ. 'ಸರ್, ಲಿಸ್ಟ್ ಹಾಕಿದ್ದಾರೆ. ನನ್ನ ಹೆಸರಿಲ್ಲ.' ಗಂಟೆ ಸದ್ದಿನಲ್ಲಿ ನನಗೆ ಕೇಳಿಸ್ಲಿಲ್ಲ. ಏನಪ್ಪಾ, ಇನ್ನೊಂದ್ಸಲ ಹೇಳು ಅಂದೆ. ಪಾಪ, ಆ ಮಾತನ್ನ ಅವನು ಎರಡು ಸಲ ಹೇಳಬೇಕಾಯ್ತು.

ಡೆಂಪ್ಸಿ ಕಥೆ ಬಾಯಿಗೆ ಬಂತು, ನುಂಗಿಕೊಂಡೆ. ಎಂಟನೆಯವನಿಗೆ ಹೆಸರಾದ್ರೂ ಇತ್ತು. ಇವನಿಗೆ ಅದೂ ಇಲ್ಲ. ಕೊನೆಗೆ ನಿಜ ಹೇಳಿದೆ: 'ಬಾಲ್ ಕಾಲಿಗೆ ಬಂದ ಮೇಲೆ ನೀನು ಸುತ್ತ ನೋಡ್ತೀಯ. ಬರೋಕೆ ಮುಂಚೆ ನೋಡಬೇಕು. ಸೋಮವಾರ ಬೆಳಿಗ್ಗೆ ಆರಕ್ಕೆ ಬಾ, ಅದನ್ನೇ ಮಾಡೋಣ.'

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, 'ಇದನ್ನ ನೀವು ಮುಂಚೆನೇ ಹೇಳಬಹುದಿತ್ತಲ್ಲ ಸರ್?'

ನನ್ನ ಹತ್ರ ಉತ್ತರ ಇರ್ಲಿಲ್ಲ.

16ನೇ ವಯಸ್ಸಲ್ಲಿ ನಾನೂ ಅಂಥದೊಂದು ಲಿಸ್ಟ್ ಮುಂದೆ ನಿಂತಿದ್ದೆ. ಹೆಸರು ಸಿಗದೆ ಮೇಲಿಂದ ಕೆಳಗೆ ಮೂರು ಸಲ ಓದಿದ್ದೆ. ಯಾಕಿಲ್ಲ ಅಂತ ಯಾರೂ ಹೇಳ್ಲಿಲ್ಲ. ಎರಡು ವರ್ಷ ಬೂಟು ಮುಟ್ಟಲಿಲ್ಲ. ಹೇಳದವರ ಮೇಲೆ ಇವತ್ತಿಗೂ ಸಿಟ್ಟಿದೆ. ಆದ್ರೆ ಅದನ್ನೇ ನಾನೂ ಈ ಹುಡುಗನಿಗೆ ಮಾಡಿದ್ದೆ. ಬೇಜಾರಾಗ್ತಾನೆ ಅಂತ ಅವನ ಕೊರತೆ ಹೇಳದೆ, ಬರೀ 'ಭೇಷ್' ಅಂತ ಬೆನ್ನು ತಟ್ಟಿ ಕಳಿಸಿದ್ದೆ.

ಆರಿಸೋದು ತಪ್ಪಲ್ಲ. ಜಾಗ ಇರೋದೇ ಕಡಿಮೆ. ಆದ್ರೆ ಆಯ್ಕೆಯಾಗದವನಿಗೂ ಎರಡು ಮಾತು ಸಲ್ಲಬೇಕು: ನಿನ್ನಲ್ಲಿ ಇದು ಚೆನ್ನಾಗಿದೆ, ಇದು ಸಾಲದು. ಊರಿಗೆ ಹೋದ ಮೇಲೆ ನಮ್ಮ ಪ್ರತಿ ಹುಡುಗನಿಗೂ ತಿಂಗಳಿಗೊಮ್ಮೆ ಇದನ್ನ ಬರೆದು ಕೊಡ್ತೀನಿ. ಶಾಲೆಯಲ್ಲೋ ಆಫೀಸಲ್ಲೋ ನೀವೂ ಯಾರನ್ನಾದ್ರೂ ಆರಿಸೋರಾಗಿದ್ರೆ, ಬಿಟ್ಟವರನ್ನ ಕರೆದು ಒಮ್ಮೆ ಮಾತಾಡಿ.

ಗಲ್ಲಿಯ ಆ ಚಿಕ್ಕವನು ಗೋಲು ಹೊಡೆದ್ನಾ? ನಾನು ನೋಡ್ಲಿಲ್ಲ, ಅಮ್ಮ ಕಾಯ್ತಿದ್ರು. ಹೊರಡುವಾಗ ಅವನನ್ನ ಗೋಲಿಗೆ ನಿಲ್ಲಿಸಿದ್ರು. ಚಪ್ಪಲಿ ಬಿಚ್ಚಿ ಎರಡೂ ಕೈಗೆ ಹಾಕ್ಕೊಂಡು ನಿಂತಿದ್ದ.