ರನ್‌ವೇ ತುದಿಯಾಚೆ ಏನಿದೆ?

ನಿಮ್ಮ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂದರು. ನಾನು ಸರ್ಕಾರಿ ಐಟಿಐಯಲ್ಲಿ ಕಲಿತ ಎಲೆಕ್ಟ್ರಿಶಿಯನ್. ಇಲ್ಲಿ ಚಿಕ್ಕ ಏರ್‌ಪೋರ್ಟುಗಳ ರನ್‌ವೇ ಲೈಟ್ ಹಾಕುವುದು ನನ್ನ ಕೆಲಸ, ಹಾಗಾಗಿ ಅದನ್ನೇ ಹೇಳ್ತೀನಿ.

ಸೀರೀಸ್‌ನಲ್ಲಿ ಒಂದು ಬಲ್ಬ್ ಹೋದರೆ ಸಾಲೇ ಆರುತ್ತೆ, ಮನೆ ವೈರಿಂಗಿಗೆ ಪ್ಯಾರಲಲ್ಲೇ ಸರಿ ಅಂತ ನಮಗೆಲ್ಲ ಕಲಿಸಿದ್ದರು. ರನ್‌ವೇಗೆ ಬಂದು ನೋಡಿದರೆ ಸೀರೀಸೇ! ಮೊದಲ ದೀಪಕ್ಕೂ ಕೊನೆಯ ದೀಪಕ್ಕೂ ಒಂದೇ ಬೆಳಕು ಬೇಕು, ಅದಕ್ಕೆ ಇಡೀ ಸರ್ಕ್ಯೂಟಿಗೆ ಒಂದೇ ಕರೆಂಟು, ಪೂರ್ತಿ ಬೆಳಕಿಗೆ 6.6 ಆಂಪಿಯರ್. ಪ್ರತಿ ದೀಪದಡಿ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಒಂದು ಹೋದರೂ ಉಳಿದವು ಉರಿಯುತ್ತವೆ. ದೀಪದ ಬುಡದ ಜೋಡಣೆಯನ್ನು ಬೇಕಂತಲೇ ಬಲಹೀನವಾಗಿ ಮಾಡಿರುತ್ತಾರೆ. ವಿಮಾನ ತಾಗಿದರೆ ದೀಪ ಮುರೀಬೇಕು, ವಿಮಾನಕ್ಕೆ ಏನೂ ಆಗಬಾರದು. ಯಾವುದನ್ನೂ ಅಲ್ಲಾಡದ ಹಾಗೆ ಬಿಗಿಯೋದು ಕಲಿತ ನಮ್ಮಂಥವರಿಗೆ ಇದು ವಿಚಿತ್ರ ಅನಿಸುತ್ತೆ.

ರನ್‌ವೇ ತುದಿಯಲ್ಲೂ ಇದೇ ಲೆಕ್ಕ. ಜೆಟ್ ಇಳಿಯುವ ಕಡೆ ತುದಿಯಾಚೆ 1,000 ಅಡಿ ಖಾಲಿ ನೆಲ ಇದ್ದರೆ ಒಳ್ಳೆಯದು. ಆದರೆ ವೀಲಿಂಗ್, ಪ್ರಾಸ್ಪೆಕ್ಟ್ ಹೈಟ್ಸ್ ಎರಡೂ ಊರು ಸೇರಿ ನಡೆಸುವ ಚಿಕಾಗೊ ಎಕ್ಸಿಕ್ಯುಟಿವ್ ಏರ್‌ಪೋರ್ಟಿನ ಸುತ್ತ ಬರೀ ರಸ್ತೆ, ಕಟ್ಟಡ. ಜಾಗ ಎಲ್ಲಿಂದ ತರೋದು? ಅದಕ್ಕೇ ಪುಡಿಯಾಗುವ ಹಗುರ ಸಿಮೆಂಟಿನ ಹಾಸು ಹಾಕಿದರು. ಚಕ್ರ ಅದರಲ್ಲಿ ಹೂತು ವಿಮಾನ ನಿಲ್ಲುತ್ತೆ. 2016ರ ಜನವರಿಯಲ್ಲಿ ಒಂದು ಫಾಲ್ಕನ್ 20 ರನ್‌ವೇ ದಾಟಿ ಬಂದು ಅದರಲ್ಲೇ ನಿಂತಿತು. ಒಳಗಿದ್ದ ಇಬ್ಬರಿಗೂ ಏನೂ ಆಗಲಿಲ್ಲ. ಮಿಡ್‌ವೇಯಲ್ಲಿ 2005ರ ಡಿಸೆಂಬರ್ ಹಿಮದಲ್ಲಿ ವಿಮಾನ ಬೇಲಿ ಮುರಿದು ರಸ್ತೆಗೇ ಬಂತು. ಕಾರಿನಲ್ಲಿದ್ದ ಆರು ವರ್ಷದ ಮಗು ಹೋಯಿತು. ಅಲ್ಲಿ ಹಾಸು ಬಂದದ್ದು ಆಮೇಲೆ.

ಇದೆಲ್ಲ ಒಂದು ವರ್ಷದ ಬಜೆಟ್ಟಿನಲ್ಲಿ ಆಗೋದಲ್ಲ. ಮಾಸ್ಟರ್ ಪ್ಲಾನ್ ಅಂದರೆ ಸುಮಾರು 20 ವರ್ಷ ಮುಂದಿನ ಲೆಕ್ಕ. ನಕ್ಷೆಗೆ ಎಫ್‌ಎಎ ಒಪ್ಪಿಗೆ ಇಲ್ಲದಿದ್ದರೆ ಕೇಂದ್ರದ ದುಡ್ಡಿಲ್ಲ. ಚಿಕ್ಕ ಏರ್‌ಪೋರ್ಟಿಗೆ ಖರ್ಚಿನಲ್ಲಿ ಬಹುಪಾಲು ಅಲ್ಲಿಂದಲೇ ಬರೋದು. ಡೆಟ್ರಾಯಿಟ್ ಸಿಟಿ ಏರ್‌ಪೋರ್ಟಿನ ನಕ್ಷೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು: ಅಡ್ಡ ರನ್‌ವೇ ಮುಚ್ಚೋದು, ಮುಖ್ಯ ರನ್‌ವೇಗೆ ಇಂಥದೇ ಹಾಸು. ರನ್‌ವೇ ಪಕ್ಕದ ಬೀದಿಯವರು ಮನೆ ಇರುತ್ತೋ ಹೋಗುತ್ತೋ ಅಂತ ವರ್ಷಗಟ್ಟಲೆ ಕಾದಿದ್ದರು. ಪ್ಲಾನ್ ತಡವಾದರೆ ಅದೂ ಒಂದು ನಷ್ಟವೇ.

ನಮ್ಮ ಮಂಗಳೂರು ಹೇಳದೆ ಮುಗಿಸಲಾರೆ. 2010ರ ಮೇ 22, ದುಬೈಯಿಂದ ಊರಿಗೆ ಬರುತ್ತಿದ್ದವರು, ನಮ್ಮ ಹಾಗೆ ದುಡಿಯಲು ಹೋದವರೇ ಬಹಳ. 158 ಜನ ಸತ್ತರು, ಉಳಿದದ್ದು 8. ಇಳಿಯುವ ಪ್ರಯತ್ನವನ್ನು ಸಕಾಲದಲ್ಲಿ ಕೈಬಿಡದಿದ್ದದ್ದು ಕಾರಣ ಅಂತ ತನಿಖೆ ಹೇಳಿತು, ಸರಿ. ಆದರೆ ರನ್‌ವೇ ದಾಟಿದ ವಿಮಾನದ ಬಲರೆಕ್ಕೆ ಬಡಿದದ್ದು ಆಂಟೆನಾ ಹೊತ್ತ ಕಾಂಕ್ರೀಟ್ ಕಟ್ಟಡಕ್ಕೆ. ಮುರಿಯುವ ಬುಡ ಕೂರಿಸುವ ಕೆಲಸದವನಿಗೆ ಆ ಸಾಲು ಓದಿ ಮುಂದೆ ಹೋಗೋದು ಕಷ್ಟ.

2023ರಲ್ಲಿ ಶಿವಮೊಗ್ಗಕ್ಕೂ ವಿಮಾನ ನಿಲ್ದಾಣ ಬಂತು. ಟರ್ಮಿನಲ್ ಕಮಲದ ಆಕಾರದಲ್ಲಿದೆ ಅಂತ ಊರಿನ ಗೆಳೆಯರು ಫೋಟೋ ಕಳಿಸಿದರು. ಚೆನ್ನಾಗಿದೆ ಮಾರಾಯ, ರನ್‌ವೇ ತುದಿಯಾಚೆ ಎಷ್ಟು ಜಾಗ ಬಿಟ್ಟಿದ್ದಾರೆ, ಅಲ್ಲಿ ಏನಿದೆ ನೋಡು ಅಂತ ತಿರುಗಿ ಕೇಳಿದೆ. ನಿಮ್ಮೂರಿಗೆ ಬಂದರೂ ಅದನ್ನೇ ಕೇಳಿ. ಉಳಿದ ಪ್ರಶ್ನೆ ಊಟಕ್ಕೆ ಕೂತಾಗ ಮಾತಾಡೋಣ.