ಗಟ್ಟಿ ಸ್ಪ್ರಿಂಗೇ ಒಳ್ಳೆಯ ಸ್ಪ್ರಿಂಗಲ್ಲ
(ನಾಸಿಕ್ ರೋಡ್‌ನಲ್ಲಿ ನೆರೆದ ಕನ್ನಡ ಕಾರ್ಮಿಕ ಬಂಧುಗಳೆದುರು ಮಾಡಿದ ಭಾಷಣ)



ಓಟದ ಕಾರಿನ ಸ್ಪ್ರಿಂಗಿಗೂ ಹೋಟೆಲು, ಮಿಲ್ಲುಗಳಲ್ಲಿ ದುಡಿದು ಬಂದ ನಮಗೂ ಏನು ಸಂಬಂಧವೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಸಂಬಂಧವಿದೆ. ನಮ್ಮ ಕಡೆಯ ಹುಡುಗನೊಬ್ಬನ ಒಂದು ತಿಂಗಳ ಸಂಬಳ ಅಂಥ ಸ್ಪ್ರಿಂಗೊಂದರಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ಹೋಗಿ ನಾವು ಕಲಿತ ನಾಲ್ಕು ಮಾತುಗಳನ್ನು ಈ ದಿನ ನಿಮ್ಮ ಮುಂದಿಡುತ್ತೇವೆ.

ಹುಡುಗ ಕುಂದಾಪುರದ ಕಡೆಯವನು. ಕೆಲವು ವರ್ಷ ಹೋಟೆಲಿನಲ್ಲಿ ಟೇಬಲು ಒರೆಸಿ, ಆಮೇಲೆ ಇದೇ ನಾಸಿಕ್ ರೋಡ್‌ನ ಒಂದು ಗ್ಯಾರೇಜು ಸೇರಿದವನು. ಅಲ್ಲಿಗೆ ಶ್ರೀಮಂತರೊಬ್ಬರು ಎರಡೇ ಸೀಟಿನ ಹಳೆಯ ವಿಲಾಯತಿ ಕಾರೊಂದನ್ನು ತಂದರು. ಮುಂದಿನ ಸ್ಪ್ರಿಂಗುಗಳು ಸವೆದು ಕುಗ್ಗಿದ್ದವು. ಕಾರಿನ ಪುಸ್ತಕದಲ್ಲಿ ಸ್ಪ್ರಿಂಗಿನ ಲೆಕ್ಕ 170 ಎಂದಿತ್ತು. ಶ್ರೀಮಂತರು ತಾವೇ ಕೊಂಡು ತಂದ ಹೊಸ ಸ್ಪ್ರಿಂಗಿನ ಪೆಟ್ಟಿಗೆಯ ಮೇಲೆ 5 ಎಂದಿತ್ತು. "ನೂರ ಎಪ್ಪತ್ತೆಲ್ಲಿ, ಐದೆಲ್ಲಿ! ಇದು ಮೆತ್ತಗಿನದೇ ಸರಿ, ಹಾಕು" ಎಂದರು. ಹುಡುಗ ಹಾಕಿದ.

ಸಿನ್ನರ್ ರಸ್ತೆಯಲ್ಲಿ ಕಾರು ಕುಪ್ಪಳಿಸತೊಡಗಿತು. ಮಳೆ ಬಿದ್ದ ಒಂದು ತಿರುವಿನಲ್ಲಿ ಜಾರಿ ಬದಿಯ ಕಲ್ಲಿಗೆ ತಾಗಿತು. ಪುಣ್ಯಕ್ಕೆ ಪ್ರಾಣಕ್ಕೇನೂ ಆಗಲಿಲ್ಲ. ಆದರೆ ತಪ್ಪು ಯಾರ ತಲೆಗೆ ಬಂತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. "ಹುಡುಗ ಸರಿಯಾಗಿ ಕೂರಿಸಿಲ್ಲ" ಎಂದು ಮಾಲೀಕರು ಸಂಬಳ ತಡೆದರು. "ಅಣ್ಣಾ, ನಾನು ಕೂರಿಸಿದ್ದರಲ್ಲಿ ತಪ್ಪಿಲ್ಲ, ಆದರೆ ಅದನ್ನು ತೋರಿಸುವುದು ಹೇಗೆ?" ಎಂದು ಅವನು ನಮ್ಮ ಬಳಿಗೆ ಬಂದ.

ಬಂಧುಗಳೇ, ಇಂಥ ಹೊತ್ತಿನಲ್ಲಿ ಕೂಗಾಡಿದರೆ ಸಾಲದು, ಅಳೆದು ತೋರಿಸಬೇಕು. ಸ್ಪ್ರಿಂಗನ್ನು ಅಳೆಯುವ ಸೂತ್ರವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬಾತ 1678ರಲ್ಲಿಯೇ ಪ್ರಕಟಿಸಿದ್ದ. ಎಷ್ಟು ಭಾರವೋ ಅಷ್ಟು ಬಾಗು. ಭಾರ ಇಮ್ಮಡಿಯಾದರೆ ಬಾಗೂ ಇಮ್ಮಡಿ. ಒಂದು ಮಿಲಿಮೀಟರು ಕುಗ್ಗಿಸಲು ಎಷ್ಟು ಕಿಲೋ ಭಾರ ಬೇಕೋ ಅದೇ ಆ ಸ್ಪ್ರಿಂಗಿನ ಬಿಗಿ. ಮಿಲ್ಲಿನಲ್ಲಿ ರಿಂಗ್ ಫ್ರೇಮಿನ ಮುಂದೆ ನಿಂತವರಿಗೆ ಇದು ಹೊಸದಲ್ಲ. ಮೇಲಿನ ರೋಲರನ್ನು ಒತ್ತುವ ಸ್ಪ್ರಿಂಗು ಸಡಿಲವಾದರೆ ನೂಲು ಒಂದೇ ಸಮನಾಗಿ ಬಾರದೆಂಬುದನ್ನು ಅವರ ಬೆರಳೇ ಬಲ್ಲದು.

ಹೋಟೆಲಿನ ಉಗ್ರಾಣದಲ್ಲಿ ಅಕ್ಕಿಮೂಟೆ ತೂಗುವ ತಕ್ಕಡಿಯನ್ನು ಒಂದು ಭಾನುವಾರ ಗ್ಯಾರೇಜಿಗೆ ಹೊತ್ತುಕೊಂಡು ಹೋದೆವು. ಬೇರಿಂಗು ಕೂರಿಸುವ ಪ್ರೆಸ್ಸಿನ ಕೆಳಗೆ ತಕ್ಕಡಿಯಿಟ್ಟು, ಅದರ ಮೇಲೆ ಸ್ಪ್ರಿಂಗು ನಿಲ್ಲಿಸಿ, ಸುತ್ತ ಕಬ್ಬಿಣದ ಕಾವಲು ಕಟ್ಟಿದೆವು. ಒತ್ತಿದ ಸ್ಪ್ರಿಂಗು ಜಾರಿದರೆ ಗುಂಡಿನಂತೆ ಹಾರುತ್ತದೆ. ಕಾವಲಿಲ್ಲದೆ ಯಾರೂ ಈ ಕೆಲಸಕ್ಕೆ ಕೈಹಾಕಬಾರದು. ಮಾಲೀಕರನ್ನೂ ಕಾರಿನವರನ್ನೂ ಎದುರಿಗೆ ಕೂರಿಸಿಕೊಂಡೆವು. ಹಳೆಯ ಸ್ಪ್ರಿಂಗು 10 ಮಿಲಿಮೀಟರು ಕುಗ್ಗಿದಾಗ ತಕ್ಕಡಿ 30 ಕಿಲೋ ತೋರಿಸಿತು; 20ಕ್ಕೆ 61, 30ಕ್ಕೆ 91. ಹೊಸದು 10ಕ್ಕೆ 50, 20ಕ್ಕೆ 100, 30ಕ್ಕೆ 150. ಅಂದರೆ ಒಂದು ಮೂರರದು, ಇನ್ನೊಂದು ಐದರದು.

ಹಾಗಾದರೆ ಪುಸ್ತಕದ 170 ಏನು? ಅದು ಅಂಗುಲಕ್ಕೆ ಇಷ್ಟು ಪೌಂಡು ಎಂಬ ವಿಲಾಯತಿ ಲೆಕ್ಕ. ಪೆಟ್ಟಿಗೆಯ ಮೇಲಿದ್ದುದು ಮಿಲಿಮೀಟರಿಗೆ ಇಷ್ಟು ಕಿಲೋ ಎಂಬ ಲೆಕ್ಕ. ಮಿಲಿಮೀಟರಿಗೆ ಒಂದು ಕಿಲೋ ಎಂದರೆ ಅಂಗುಲಕ್ಕೆ 56 ಪೌಂಡು. ಆದ್ದರಿಂದ 170 ಎಂದರೆ ಮೂರು. ಐದು ಎಂದರೆ 280! ನ್ಯೂಟನ್ನಿನ ಲೆಕ್ಕದಲ್ಲಿ ಬರೆದಿದ್ದರೆ ಅದೇ ಐದು 49 ಆಗುತ್ತಿತ್ತು. ಸೇರು ಮತ್ತು ಕಿಲೋ ಬೆರೆಸಿ ಅಕ್ಕಿ ಕೊಂಡಂತಾಗಿತ್ತು ಕಾರಿನವರ ವ್ಯಾಪಾರ.

ಆಗ ಕಾರಿನವರು ಇನ್ನೊಂದು ಪ್ರಶ್ನೆ ಹಾಕಿದರು. "ಗಟ್ಟಿಯಾದರೇನಾಯಿತು? ಓಟದ ಕಾರಿಗೆ ಗಟ್ಟಿಯದೇ ಬೇಕಲ್ಲ?" ಈ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಹನ್ನೆರಡು ಲೋಟ ಕಾಫಿಯ ತಟ್ಟೆಯನ್ನು ಎತ್ತಿಕೊಂಡು ಗಿರಾಕಿಗಳ ನಡುವೆ ನುಸುಳುವ ನಮ್ಮ ಹುಡುಗರನ್ನು ನೋಡಿ. ಮೊಣಕೈಯನ್ನು ಮರದಂತೆ ಬಿಗಿಹಿಡಿದವನ ಕಾಫಿ ಚೆಲ್ಲುತ್ತದೆ. ತೀರಾ ಸಡಿಲ ಬಿಟ್ಟವನ ತಟ್ಟೆಯೇ ವಾಲುತ್ತದೆ. ಕಾರಿನದೂ ಇದೇ ಪಾಡು. ಸ್ಪ್ರಿಂಗು ಮೆತ್ತಗಾದರೆ ತಿರುವಿನಲ್ಲಿ ಕಾರು ಓಲಾಡುತ್ತದೆ, ಬ್ರೇಕು ಒತ್ತಿದರೆ ಮೂಗು ತಗ್ಗಿಸುತ್ತದೆ. ಅತಿ ಗಟ್ಟಿಯಾದರೆ ಹೊಂಡ ದಿಣ್ಣೆಗಳಲ್ಲಿ ಚಕ್ರ ನೆಲ ಬಿಟ್ಟು ಎಗರುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಆ ಮಳೆಯಲ್ಲಿ ನಡೆದುದೂ ಇದೇ. ನುಣುಪಾದ ಓಟದ ಕಣದಲ್ಲಿ ಗೆಲ್ಲುವ ಸ್ಪ್ರಿಂಗು ಕಸಾರಾ ಘಾಟಿನ ಮಳೆಗಾಲದಲ್ಲಿ ವೈರಿಯಾಗಬಹುದು. ಇಂಗ್ಲೆಂಡಿನ ಲೋಟಸ್ ಕಾರುಗಳನ್ನು ಕಟ್ಟಿದ ಕಾಲಿನ್ ಚಾಪ್‌ಮನ್ ರಸ್ತೆಯ ಕಾರಿಗೆ ಮೆದು ಸ್ಪ್ರಿಂಗು ಕೊಟ್ಟು, ಅದರ ಕುಣಿತವನ್ನು ಒಳ್ಳೆಯ ಶಾಕ್ ಅಬ್ಸಾರ್ಬರುಗಳಿಂದ ಅಂಕೆಯಲ್ಲಿಟ್ಟು ಹೆಸರು ಪಡೆದ.

ಎರಡು ಕಾರುಗಳ ಸ್ಪ್ರಿಂಗನ್ನು ಹೋಲಿಸುವಾಗ ಅಂಕಿಯೊಂದನ್ನೇ ನೋಡಿದರೂ ಮೋಸಹೋಗುತ್ತೇವೆ. ಮೊದಲನೆಯದಾಗಿ, ಅದು ಹೊರುವ ಭಾರ ನೋಡಬೇಕು. ಅದೇ ಸ್ಪ್ರಿಂಗು ಭಾರದ ಕಾರಿಗೆ ಮೆತ್ತಗೆ, ಹಗುರ ಕಾರಿಗೆ ಗಟ್ಟಿ. ಸಾಮಾನ್ಯ ಕಾರು ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಏರಿಳಿದರೆ, ಬೀದಿಯಲ್ಲಿ ಓಡುವ ಓಟದ ಕಾರು ಒಂದೂವರೆಯಿಂದ ಎರಡು ಸಲ. ಎರಡನೆಯದಾಗಿ, ಸ್ಪ್ರಿಂಗು ಎಲ್ಲಿ ಕೂತಿದೆ ಎಂದು ನೋಡಬೇಕು. ಚಕ್ರದ ತೋಳಿನ ನಟ್ಟನಡುವೆ ಕೂತಿದ್ದರೆ, ಚಕ್ರ ಎರಡಂಗುಲ ಎದ್ದಾಗ ಸ್ಪ್ರಿಂಗು ಒಂದೇ ಅಂಗುಲ ಕುಗ್ಗುತ್ತದೆ. ಅದರ ಬಲವೂ ಚಕ್ರಕ್ಕೆ ಅರ್ಧವೇ ಮುಟ್ಟುತ್ತದೆ. ಅರ್ಧದಲ್ಲಿ ಅರ್ಧ ಕಾಲು. ಅಲ್ಲಿಗೆ ಸ್ಪ್ರಿಂಗಿನ ನಾಲ್ಕು ಚಕ್ರದ ಬಳಿ ಒಂದೇ ಆಯಿತು. ಮೂರನೆಯದಾಗಿ, ತಂತಿಯ ದಪ್ಪ ನೋಡಬೇಕು. 12 ಮಿಲಿಮೀಟರಿನ ತಂತಿಯ ಬದಲು 13ರದು ಹಾಕಿದರೆ ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ ಉಳಿದುದೆಲ್ಲ ಒಂದೇ ಆಗಿದ್ದರೂ ಬಿಗಿ ನೂರಕ್ಕೆ 38ರಷ್ಟು ಏರುತ್ತದೆ.

ಕೆಲವು ಗ್ಯಾರೇಜುಗಳಲ್ಲಿ ಕಾರು ತಗ್ಗಾಗಿ ಚೆಂದ ಕಾಣಲೆಂದು ಸ್ಪ್ರಿಂಗಿನ ಸುತ್ತುಗಳನ್ನು ಕತ್ತರಿಸುತ್ತಾರೆ. ಕೆಲಸ ಮಾಡುವ ಎಂಟು ಸುತ್ತಿನಲ್ಲಿ ಎರಡು ಕತ್ತರಿಸಿದರೆ ಉಳಿದುದು ಮೂರರಲ್ಲೊಂದು ಪಾಲು ಹೆಚ್ಚು ಬಿಗಿಯಾಗುತ್ತದೆ. ಕುಗ್ಗಲು ಜಾಗವೂ ಕಡಿಮೆಯಾಗುತ್ತದೆ. ಯಾರು ಹೇಳಿದರೂ ಈ ಕೆಲಸ ಮಾಡಬೇಡಿರೆಂದು ಗ್ಯಾರೇಜಿನಲ್ಲಿರುವ ಹುಡುಗರಿಗೆ ನಮ್ಮ ವಿನಂತಿ.

ನಮ್ಮ ನೆರೆಯಲ್ಲಿಯೇ ನೋಡಿ. 2020ರಲ್ಲಿ ಬಂದ ಮಹೀಂದ್ರಾದ ಹೊಸ ಥಾರ್ ಈ ನಾಸಿಕದಲ್ಲೇ ತಯಾರಾಯಿತು. ಹಿಂದಿನ ಥಾರಿನ ಹಿಂಬದಿಯಲ್ಲಿದ್ದ ಪಾಟಾ ಸ್ಪ್ರಿಂಗು ಹೋಗಿ ಇದಕ್ಕೆ ಸುರುಳಿ ಸ್ಪ್ರಿಂಗು ಬಂತು. ಸಂಭಾಜಿನಗರದ ಬಳಿಯ ಶೇಂದ್ರದಲ್ಲಿ 2001ರಿಂದ ಸ್ಕೋಡಾ ಆಕ್ಟೇವಿಯಾಗಳನ್ನು ಜೋಡಿಸಿದರು. ಅದೇ ಕಾರಿನ ವೇಗದ ರೂಪವಾದ ಆರ್‌ಎಸ್ 2004ರಲ್ಲಿ ನಮ್ಮ ದೇಶದ ಪೇಟೆಗೆ ಬಂತು. ಒಂದು ಕಲ್ಲುಹಾದಿ ಏರಬೇಕು, ಇನ್ನೊಂದು ಹೆದ್ದಾರಿಯಲ್ಲಿ ನೆಲಕ್ಕಂಟಿ ಓಡಬೇಕು. ಒಂದರ ಸ್ಪ್ರಿಂಗು ಇನ್ನೊಂದಕ್ಕೆ ಒಗ್ಗದು. ಮೇಲು ಕೀಳಿನ ಮಾತು ಇಲ್ಲಿಲ್ಲ. ಯಾವ ಕೆಲಸಕ್ಕೆ ಯಾವುದು ಎಂಬುದೇ ಮಾತು.

ಇನ್ನು ಹುಡುಗನ ವಿಷಯ. ತಕ್ಕಡಿಯ ಮುಳ್ಳಿನೆದುರು ವಾದ ನಿಲ್ಲಲಿಲ್ಲ. ಮಾಲೀಕರು ಒಂದು ಗಳಿಗೆ ಸುಮ್ಮನಿದ್ದು, ಪೆಟ್ಟಿಗೆ ತೆರೆದು ಸಂಬಳ ಎಣಿಸಿ ಕೊಟ್ಟರು. ಮೂರರ ಬಿಗಿಯ ಹೊಸ ಸ್ಪ್ರಿಂಗುಗಳನ್ನು ತರಿಸಿ ಅದೇ ಹುಡುಗನ ಕೈಯಲ್ಲೇ ಹಾಕಿಸಿದರು. ಅಂದಿನಿಂದ ಆ ಗ್ಯಾರೇಜಿನಲ್ಲಿ ಸ್ಪ್ರಿಂಗು ಬಂದರೆ ಮೊದಲು ತೂಗಿ, ಚೀಟಿ ಬರೆದು, ಆಮೇಲೆ ಕೂರಿಸುತ್ತಾರೆ. ಚೀಟಿ ಬರೆಯುವವನು ಅವನೇ.

ಸೋದರರೇ, ಕೈಕೆಲಸ ಬಲ್ಲವನಿಗೆ ಲೆಕ್ಕವೂ ತಿಳಿದಿರಬೇಕು. ಲೆಕ್ಕ ತಿಳಿಯದಿದ್ದರೆ ಪರರ ತಪ್ಪು ನಮ್ಮ ಸಂಬಳದಲ್ಲಿ ಮುರಿಯುತ್ತದೆ. ನಿಮ್ಮ ಮಕ್ಕಳಿಗೆ, ತಮ್ಮಂದಿರಿಗೆ ಸ್ಪ್ಯಾನರಿನ ಜೊತೆಗೆ ಅಳತೆಪಟ್ಟಿಯನ್ನೂ ಕೊಡಿಸಿರೆಂದು ಕೇಳಿಕೊಳ್ಳುತ್ತೇವೆ.