ವಿಮಾನದ ಗಂಟೆ, ಮನೆಯ ಗಂಟೆ



ಹೈದರಾಬಾದಿನಿಂದ ಬೆಂಗಳೂರಿಗೆ ಎಷ್ಟು ಹೊತ್ತಿನ ದಾರಿ ಎಂದು ಯಾರಾದರೂ ಕೇಳಿದರೆ, ನಾವು ಹಿಂದುಮುಂದು ನೋಡದೆ "ವಿಮಾನದಲ್ಲಿ ಒಂದು ಗಂಟೆ" ಎಂದುಬಿಡುತ್ತೇವೆ. ಆ ಒಂದು ಗಂಟೆಯ ಲೆಕ್ಕವನ್ನು ಇಂದು ತಮ್ಮೆದುರು ಬಿಡಿಸಿ ನೋಡಬೇಕೆಂದು ನಿಂತಿದ್ದೇವೆ.

2008ಕ್ಕೆ ಮೊದಲು ನಮ್ಮ ವಿಮಾನಗಳು ಊರೊಳಗಿನ ಬೇಗಂಪೇಟೆಯಿಂದ ಎದ್ದು ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದಲ್ಲಿ ಇಳಿಯುತ್ತಿದ್ದವು. ಆ ವರ್ಷ ಮಾರ್ಚ್ 23ರಂದು ನಮ್ಮ ನಿಲ್ದಾಣ ದಕ್ಷಿಣಕ್ಕೆ ಶಂಷಾಬಾದಿಗೆ ಹೋಯಿತು. ಮೇ 24ರಂದು ಬೆಂಗಳೂರಿನದು ಉತ್ತರಕ್ಕೆ ದೇವನಹಳ್ಳಿಗೆ ಹೋಯಿತು. ಎರಡೂ ಒಂದನ್ನೊಂದು ಕಾಣಲು ಹೊರಟಂತಾಯಿತು! ಮೊದಲು ಅವುಗಳ ನಡುವಣ ನೇರ ದೂರ ಸುಮಾರು 505 ಕಿಲೋಮೀಟರು. ಈಗ ಸುಮಾರು 455. ಆಕಾಶದಲ್ಲಿ 50 ಕಿಲೋಮೀಟರು ಉಳಿಯಿತು. ಆದರೆ ನಿಲ್ದಾಣಗಳು ತಮ್ಮತಮ್ಮೊಳಗೆ ಹತ್ತಿರವಾದಷ್ಟೂ ನಮ್ಮ ಮನೆಗಳಿಗೆ ದೂರವಾದವು. ಗಂಟೆಗೆ 800 ಕಿಲೋಮೀಟರು ಹಾರುವ ವಿಮಾನಕ್ಕೆ ಆ ಉಳಿತಾಯ ನಾಲ್ಕು ನಿಮಿಷದ ಮಾತು. ಅಷ್ಟೇ ದೂರ ಟ್ಯಾಕ್ಸಿಗೆ ಎಷ್ಟು ಹೊತ್ತಿನದೆಂಬುದನ್ನು ತಾವೇ ಬಲ್ಲಿರಿ.

ಹಾರಾಟವೂ ಬರಿಯ ಭಾಗಾಕಾರವಲ್ಲ. 455ನ್ನು 800ರಿಂದ ಭಾಗಿಸಿದರೆ 35 ನಿಮಿಷವೂ ಆಗದು. ಆದರೆ ವಿಮಾನವು ನೆಲದ ಮೇಲೆ ಸರದಿ ಕಾಯಬೇಕು, ಮೆಲ್ಲಗೆ ಮೇಲೇರಬೇಕು, ಸುತ್ತಿ ಬಂದು ಇಳಿಯಬೇಕು. ಹೀಗಾಗಿ ಒಂದೂಕಾಲು ಗಂಟೆ. ಕಾಚಿಗುಡದ ಮನೆಯಿಂದ ಶಂಷಾಬಾದಿಗೆ ಒಂದು ಗಂಟೆ; ಅಲ್ಲಿ ತಪಾಸಣೆ, ಕಾಯುವಿಕೆ ಎರಡು; ಹಾರಾಟ ಒಂದೂಕಾಲು; ಪೆಟ್ಟಿಗೆ ಕೈಸೇರಲು ಅರ್ಧ; ದೇವನಹಳ್ಳಿಯಿಂದ ಜಯನಗರಕ್ಕೆ ಎರಡು. ಒಟ್ಟು ಆರೂಮುಕ್ಕಾಲು ಗಂಟೆ. ನಾವು ಬ್ಯಾಂಕಿನವರು, ಅಸಲು ಒಂದೂಕಾಲು, ಬಡ್ಡಿ ಐದೂವರೆ ಎಂಬ ಸಾಲವನ್ನು ಬೇರೆಲ್ಲಿಯೂ ಕಂಡಿಲ್ಲ.

ಇದು ನಗುವ ಮಾತಷ್ಟೇ ಆಗಿದ್ದರೆ ಸಭೆಯಲ್ಲಿ ಎತ್ತುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ಜಯನಗರದಲ್ಲಿದ್ದ ನಮ್ಮ ಸೋದರಮಾವನವರಿಗೆ ತೀರ ಕಷ್ಟವಾಗಿದೆಯೆಂದು ಫೋನು ಬಂತು. "ಒಂದು ಗಂಟೆಯ ದಾರಿ, ಬಂದೇಬಿಟ್ಟೆವು" ಎಂದೆವು. ಮನೆ ಮುಟ್ಟಿದಾಗ ಸಂಜೆ. ಅವರು ಮಧ್ಯಾಹ್ನವೇ ಹೋಗಿದ್ದರು. ಅತ್ತೆ ಬೈಯಲಿಲ್ಲ. "ಅವರು ನಿನ್ನನ್ನು ಕೇಳ್ತಾನೇ ಇದ್ದರು. ಇನ್ನೇನು ಬಂದೇಬಿಡ್ತೀಯ ಅಂತ ಫೋನು ಕಿವಿಗೆ ಹಿಡಿಯಲೇ ಇಲ್ಲ ಕಣಪ್ಪ" ಎಂದರು. ವಿಮಾನ ತಡವಾಗಿರಲಿಲ್ಲ, ಹೊತ್ತಿಗೆ ಸರಿಯಾಗಿಯೇ ಇಳಿದಿತ್ತು. ತಪ್ಪಿದ್ದು ನಾವು ಕೊಟ್ಟ ಲೆಕ್ಕ.

ವಿಮಾನವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ರಾತ್ರಿಯೆಲ್ಲ ರೈಲಿನಲ್ಲಿ ಕುಲುಕಾಡಿ ಬೆಳಗಾಗಿಸಿದವರಿಗೆ ಅದರ ಬೆಲೆ ಗೊತ್ತು. 2023ರ ಸೆಪ್ಟೆಂಬರ್ 24ರಂದು ಕಾಚಿಗುಡದಿಂದ ಯಶವಂತಪುರಕ್ಕೆ ಹೊರಟ ವಂದೇ ಭಾರತ್ ರೈಲಿಗೆ ಸುಮಾರು ಎಂಟೂವರೆ ಗಂಟೆಯ ಸಮಯ ಗೊತ್ತುಮಾಡಿದ್ದರು. ಮನೆಯಿಂದ ಮನೆಗೆ ಎಣಿಸಿದರೆ ವಿಮಾನಕ್ಕೂ ಅದಕ್ಕೂ ಅಂತರ ನಾವೆಣಿಸಿದಷ್ಟಿಲ್ಲ. ಯಾವುದನ್ನಾದರೂ ಹತ್ತೋಣ, ಆದರೆ ಎರಡು ನಿಲ್ದಾಣಗಳ ನಡುವಣ ಹೊತ್ತನ್ನು ಎರಡು ಮನೆಗಳ ನಡುವಣ ಹೊತ್ತೆಂದು ಹೇಳದಿರೋಣ.

ತಾಯ್ನಾಡಿನಿಂದ ನಾವು ಒಂದು ಗಂಟೆಯ ದೂರದಲ್ಲಿಲ್ಲ, ಏಳು ಗಂಟೆಯ ದೂರದಲ್ಲಿದ್ದೇವೆ. ಬಾಗಿಲು ನೋಡುತ್ತ ಮಲಗಿದವರಿಗೆ ಈ ನಿಜವನ್ನೇ ಹೇಳೋಣ. ಆಡಬೇಕಾದ ನಾಲ್ಕು ಮಾತನ್ನು ಆಡಿ, ಆಮೇಲೆ ಹೊರಡೋಣ.